ಯಾರಿಗೂ ಬೇಡವಾಗಿದ್ದ ಉಪಚುನಾವಣೆ

ವಾರಿಂಬಾ
ಆಗಸ್ಟ್ ೨೦, ಬುಧವಾರ

ಪ್ರೀತಿಯ ವ್ಯಾಲ್ಡಾ,

ಹೇಗಿದ್ದೀಯ? ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಪೆನ್ನು ಹಿಡಿದಾಗಲೆಲ್ಲ ಒಂದೋ ಫೋನು, ಇಲ್ಲವೇ ಕರಪತ್ರದ ಕಟ್ಟು ಹೊತ್ತು ಬಾಗಿಲಲ್ಲಿ ನಿಂತ ಯಾರಾದರೊಬ್ಬರು. ಈಗ ಎಲ್ಲ ಮುಗಿದಿದೆ. ಒಲೆಗೆ ಸೌದೆ ಒಟ್ಟಿ, ಟೀ ಮಾಡಿಕೊಂಡು ಕೂತಿದ್ದೇನೆ. ನಿನ್ನ ಮಂಡಿನೋವಿಗೆ ಕೇರ್ನ್ಸಿನ ಬಿಸಿಲು ಒಗ್ಗಿದೆ ಎಂದು ಬರೆದಿದ್ದೆಯಲ್ಲ, ಓದಿ ಹೊಟ್ಟೆಕಿಚ್ಚಾಯಿತು. ಇಲ್ಲಿ ಚಳಿಗಾಳಿ ಇನ್ನೂ ಮುಖಕ್ಕೆ ಹೊಡೆಯುತ್ತಿದೆ.

ಸೋತೆವು ಕಣೇ. ಟಿವಿಯಲ್ಲಿ ನೋಡಿಯೇ ಇರುತ್ತೀಯ. ಮೊದಲ ಎಣಿಕೆಯಲ್ಲಿ ನಮ್ಮ ಹುಡುಗನೇ ಮುಂದಿದ್ದ. ಕೆಳಗಿದ್ದವರನ್ನು ಒಬ್ಬೊಬ್ಬರನ್ನಾಗಿ ತೆಗೆದು, ಅವರ ಓಟುಗಳನ್ನು ಎರಡನೇ ಆಯ್ಕೆಯವರಿಗೆ ಹಂಚುತ್ತ ಹೋದ ಹಾಗೆ, ಪಕ್ಷೇತರಳಾಗಿ ನಿಂತಿದ್ದ ದನದ ಡಾಕ್ಟರಮ್ಮ ಬ್ರಿಜೆಟ್ ಮೇಲೇರಿಬಿಟ್ಟಳು. ನಿಮ್ಮ ಪಕ್ಷದವರ ಎರಡನೇ ಆಯ್ಕೆಯೆಲ್ಲ ಅವಳಿಗೇ ಹೋಯಿತು. ಖುಷಿಯಾಯಿತೇನೇ? ಇರಲಿ ಬಿಡು, ನನಗೂ ಅವಳ ಮೇಲೆ ಸಿಟ್ಟಿಲ್ಲ. ನಮ್ಮ ಹಳೇ ನಾಯಿಯ ಕೊನೆಯ ದಿನ ಅವಳು ಬಂದು ಕೂತಿದ್ದ ರೀತಿ ನೆನಪಿದೆ.

ನಮ್ಮ ಅಭ್ಯರ್ಥಿಯ ಕತೆ ಏನು ಹೇಳಲಿ. ಟ್ರಿಸ್ಟನ್ ಅಂತ, ಪಕ್ಷದವರು ಮೆಲ್ಬರ್ನಿನಿಂದ ತಂದು ಇಳಿಸಿದ ವಕೀಲ. ಫಳಫಳ ಹೊಳೆಯುವ ಬೂಟು ಹಾಕಿಕೊಂಡು ಹಾಲು ಕರೆಯುವ ಕೊಟ್ಟಿಗೆಗೆ ಫೋಟೋ ತೆಗೆಸಿಕೊಳ್ಳಲು ಹೋದ. ಸೆಗಣಿ ತಪ್ಪಿಸಿ ತಪ್ಪಿಸಿ ಕಾಲಿಡುವುದನ್ನು ಇಡೀ ಊರು ನೋಡಿತು. ಪಾಪ, ಕೆಟ್ಟವನೇನಲ್ಲ. ನನ್ನ ಕ್ಲೈವ್ ಇಷ್ಟು ವರ್ಷ ಎಂಪಿಯಾಗಿ ನಡೆದ ದಾರಿಯಲ್ಲಿ ಅವನನ್ನು ನಡೆಸಿದ್ದೇ ತಪ್ಪು.

ಆಮೇಲೆ ಸಮೀಕ್ಷೆಗಳ ಕಾಟ. ಒಂದು ವಾರ ನಾವು ಮುಂದೆ, ಮರುವಾರ ಸಮಸಮ, ಕೊನೆಗೆ ಹಿಂದೆ. ಪಕ್ಷದ ಕಚೇರಿಯವರು ಮಾತ್ರ ಪ್ರತಿ ಸಲವೂ ನಮ್ಮ ಒಳಗಿನ ಲೆಕ್ಕ ಬೇರೆ ಇದೆ ಅನ್ನುವುದು. ಸರಿಯಾಗಿ ಊಟದ ಹೊತ್ತಿಗೇ ಫೋನು ಬರುತ್ತಿತ್ತು, ಇಂಥವರಿಗಾದರೆ ಒಂದು ಒತ್ತಿ, ಇಂಥವರಿಗಾದರೆ ಎರಡು ಒತ್ತಿ ಅನ್ನುವ ಯಂತ್ರದ ದನಿ. ಒಂದು ಸಂಜೆ ಕ್ಲೈವ್ ಎತ್ತಿದ. ಅದರ ಯೋಗಕ್ಷೇಮ ವಿಚಾರಿಸಿ, ಯಾವ ಊರಾಯಿತು ಎಂದು ಕೇಳಿ, ಹಾಲಿನ ಕಾರ್ಖಾನೆಯ ರಸ್ತೆಯ ಬಗ್ಗೆ ಮಂತ್ರಿಗಳಿಗೆ ಬರೆಯುತ್ತೇನೆಂದು ಮಾತು ಕೊಟ್ಟು ಇಟ್ಟ. ನಾನು ಆಲೂಗಡ್ಡೆ ಸುಲಿಯುತ್ತ ಸುಮ್ಮನೆ ಕೇಳಿಸಿಕೊಂಡೆ.

ಶನಿವಾರ ಶಾಲೆಯ ಗೇಟಿನಲ್ಲಿ ನಿನ್ನ ಜಾಗಕ್ಕೆ ಗ್ರೇಮ್ ಪಾಸ್ಕೋ ಬಂದಿದ್ದ, ನಿಮ್ಮ ಪಕ್ಷದ ಬಣ್ಣದ ಅಂಗಿ ತೊಟ್ಟು. ಒಳ್ಳೆಯವನು, ಥರ್ಮಾಸಿನಲ್ಲಿ ತಂದ ಕಾಫಿಯನ್ನು ನನಗೂ ಕೊಟ್ಟ. ಆದರೆ ಬಾಯ್ತುಂಬ ಬೈಯಲು ಬರುವುದಿಲ್ಲ. ಪ್ರತಿ ಚುನಾವಣೆಗೂ ನಾವಿಬ್ಬರೂ ಆ ಗೇಟಿನ ಆಚೆ ಈಚೆ ನಿಂತು, ಯಾರಿಗೆ ಒಂದು ಯಾರಿಗೆ ಎರಡು ಬರೆಯಬೇಕೆಂಬ ಚೀಟಿ ಹಂಚುತ್ತ, ಒಬ್ಬರ ನಾಯಕರನ್ನು ಇನ್ನೊಬ್ಬರು ಜರೆಯುತ್ತ, ನಿನ್ನ ಶುಂಠಿ ಬಿಸ್ಕತ್ತು ತಿನ್ನುತ್ತ ದಿನ ತಳ್ಳುತ್ತಿದ್ದೆವಲ್ಲ. ಗಾಳಿಗೆ ನನ್ನ ಚೀಟಿ ಹಾರಿದರೆ ನೀನು ಶಪಿಸುತ್ತಲೇ ಓಡಿಹೋಗಿ ಹಿಡಿದು ತರುತ್ತಿದ್ದೆ. ಈ ಸಲ ನೀನು ಇರಬೇಕಿತ್ತು.

ಜನರಿಗೆ ಬಹಳ ಸಿಟ್ಟಿತ್ತು, ವ್ಯಾಲ್ಡಾ. ಓಟು ಹಾಕದಿದ್ದರೆ ದಂಡ, ಅದಕ್ಕೇ ಬಂದಿದ್ದೇವೆ ಎಂದು ಮುಖ ಗಂಟು ಹಾಕಿಕೊಂಡೇ ಬಂದರು. ಕ್ಲೈವ್ ಅವಧಿ ಮುಗಿಯುವ ಮೊದಲೇ ಸಂಸತ್ತಿಗೆ ರಾಜೀನಾಮೆ ಕೊಟ್ಟದ್ದಕ್ಕೇ ಈ ಚುನಾವಣೆ ಬಂತಲ್ಲ. ಕುಟುಂಬದ ಜೊತೆ ಕಾಲ ಕಳೆಯಬೇಕು ಎಂದು ಅವನು ಪತ್ರಿಕೆಯವರಿಗೆ ಹೇಳಿದ್ದನ್ನು ಒಬ್ಬನೂ ನಂಬಲಿಲ್ಲ. ಯಾವುದೋ ಗಣಿ ಕಂಪನಿಗೆ ಸೇರಿದ್ದಾನೆಂದು ಯಾರೋ ಹಬ್ಬಿಸಿದ್ದರು, ಊರಿನವರ ಪಾಲಿಗೆ ಅದೇ ನಿಜವಾಯಿತು.

ಲೆಸ್ ಕ್ವಿರ್ಕ್ ಗೊತ್ತಲ್ಲ, ಹೊಳೆಯಾಚೆ ಹಸು ಸಾಕಿರುವವನು. ಪ್ರವಾಹದ ವರ್ಷ ಅವನ ಕೊಟ್ಟಿಗೆಗೆ ಮೇವು ಬರುವ ತನಕ ಕ್ಲೈವ್ ಕ್ಯಾನ್‌ಬೆರಾದಲ್ಲಿ ಒಬ್ಬರನ್ನೂ ಕೂರಲು ನಿಲ್ಲಲು ಬಿಟ್ಟಿರಲಿಲ್ಲ. ಆ ಲೆಸ್ ನನ್ನ ಕೈಯಿಂದ ಚೀಟಿ ಇಸಿದುಕೊಂಡು, ಮಡಚಿ, ನನ್ನ ಕೋಟಿನ ಜೇಬಿಗೇ ತುರುಕಿದ.

"ಒಳ್ಳೇ ಕುರ್ಚಿನೇ ಕೊಟ್ಟಿರ್ಬೇಕು ಕಂಪನಿಯೋರು ನಿನ್ ಗಂಡಂಗೆ," ಅಂದ. "ನಡುನೀರಲ್ಲಿ ಕೈ ಬಿಟ್ಟು ಹೋದ್ನಲ್ಲ. ಕುಟುಂಬ ಅಂತೆ, ಕುಟುಂಬ. ಯಾರ್ ಕಿವಿಗೆ ಹೂ ಇಡ್ತಾನೆ?"

ನಾನು ಬಾಯಿ ಬಿಡಲಿಲ್ಲ. ಬಿಡುವುದಿಲ್ಲವೆಂದು ಕ್ಲೈವ್‌ಗೆ ಮಾತು ಕೊಟ್ಟಿದ್ದೆ. ಚೀಟಿಯ ಕಟ್ಟು ಕೈಜಾರಿ ಬಿತ್ತು, ಚಳಿಗೆ ಎಂದುಕೊಂಡು ಪಾಸ್ಕೋ ತನ್ನ ಕೈಗವಸು ಬಿಚ್ಚಿಕೊಟ್ಟ. ಸೀಟು ಹೋದರೆ ಹೋಗಲಿ ಎಂದು ನಾನು ಯಾವತ್ತೋ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೆ ಗೆದ್ದಿದ್ದರೆ, ಜನ ಕ್ಲೈವ್‌ನನ್ನು ಕ್ಷಮಿಸಿದರು ಎಂದಾದರೂ ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಒಂದು ಜನ್ಮವೆಲ್ಲ ದುಡಿದು ಗಳಿಸಿದ ಹೆಸರು ಅದು. ನನ್ನ ಕಣ್ಣೆದುರೇ ಮಣ್ಣುಪಾಲಾಯಿತು.

ಮಧ್ಯಾಹ್ನದ ಮೇಲೆ ಅವನೂ ಓಟು ಹಾಕಲು ಬಂದ. ಇಸ್ತ್ರಿ ಮಾಡಿದ ಅಂಗಿ, ಟೈ, ಹಿಂದಿನ ಹಾಗೇ. ಮೊದಲೆಲ್ಲ ಅವನು ಗೇಟಿನಿಂದ ಒಳಬಾಗಿಲು ಮುಟ್ಟುವಷ್ಟರಲ್ಲಿ ಎಷ್ಟು ಜನ ಹೆಗಲ ಮೇಲೆ ಕೈ ಹಾಕುತ್ತಿದ್ದರು. ಈ ಸಲ ಸಾಲಿನಲ್ಲಿದ್ದವರೆಲ್ಲ ಕಂಡೂ ಕಾಣದವರ ಹಾಗೆ ಫೋನು ನೋಡತೊಡಗಿದರು. ಅವನಿಗೆ ಅದು ತಟ್ಟಲೇ ಇಲ್ಲ. ಎಲ್ಲರಿಗೂ ನಮಸ್ಕಾರ ಹೇಳಿ ಒಳಗೆ ಹೋದ. ಹೊರಗೆ ಬಂದವನು ಶಾಲೆಯವರು ಮಾರುತ್ತಿದ್ದ, ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜು ಕೊಂಡು, ಈರುಳ್ಳಿ ಜಾಸ್ತಿ ಹಾಕಿಸಿಕೊಂಡು, ನನ್ನ ಕಿವಿಯಲ್ಲಿ ಒಂದು ಮಾತು ಹೇಳಿ ಮನೆಗೆ ನಡೆದ.

ಪಕ್ಷದ ದೊಡ್ಡವರು ಟಿವಿಯಲ್ಲಿ ಜನರ ತೀರ್ಪಿಗೆ ತಲೆಬಾಗುತ್ತೇವೆ ಅಂದರು, ಸೋಲಿಗೆ ಸ್ಥಳೀಯ ಕಾರಣಗಳಿವೆ ಎಂದೂ ಸೇರಿಸಿದರು. ಸ್ಥಳೀಯ ಕಾರಣವೆಂದರೆ ಕ್ಲೈವ್. ನಾನು ಟಿವಿ ಆರಿಸಿದೆ. ನನಗೆ ಸಾಕಾಗಿದೆ ಕಣೇ. ನಮ್ಮ ಪಕ್ಷದ ಬಣ್ಣದ ಅಂಗಿ ಒಗೆದು ಹಾಕಿದ್ದೇನೆ, ಇನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ.

ನಿನ್ನ ಮಗಳಿಗೂ ಮಕ್ಕಳಿಗೂ ದೇವರು ಆರೋಗ್ಯ ಕೊಡಲಿ. ನಿನ್ನ ಮಂಡಿ ಆ ಬಿಸಿಲಲ್ಲಿ ನೂರು ಕಾಲ ನಡೆಯಲಿ, ತಪ್ಪು ಪಕ್ಷಕ್ಕೆ ಓಟು ಹಾಕಲಾದರೂ ಸರಿಯೇ.

ಇಂತಿ ನಿನ್ನ,
ನೊರೀನ್

ಮತ್ತೆ: ಲಕೋಟೆ ಅಂಟಿಸಿದ್ದೆ, ಬಿಚ್ಚಿದೆ. ಕೊಟ್ಟ ಮಾತನ್ನು ನಿನ್ನೊಬ್ಬಳ ಎದುರು ಮುರಿಯುತ್ತಿದ್ದೇನೆ. ಕ್ಲೈವ್‌ಗೆ ಮರೆವಿನ ಕಾಯಿಲೆ, ವ್ಯಾಲ್ಡಾ. ವಾಸಿಯಾಗುವುದಲ್ಲ ಎಂದು ಬೇಸಿಗೆಯಲ್ಲೇ ಡಾಕ್ಟರು ಹೇಳಿದ್ದರು. ಆಗ ಅವನಿಗೆ ಪೂರ್ತಿ ಎಚ್ಚರವಿತ್ತು. ರಾಜೀನಾಮೆ ಬರೆದು ಮುಗಿಸಿ ನನ್ನ ಕೈ ಹಿಡಿದುಕೊಂಡು ಹೇಳಿದ್ದ: "ಯಾರಿಗೂ ಹೇಳ್ಬೇಡ ನೊರಿ. ಜನ ಬೈದ್ರೆ ಬೈಲಿ. ಅಯ್ಯೋ ಪಾಪ ಅನ್ನೋದು ಬೇಡ." ಈಗ ಆ ಮಾತೂ ಅವನಿಗೆ ಮರೆತಿದೆ. ಸೋಮವಾರ ಬಂತೆಂದರೆ ಪೆಟ್ಟಿಗೆ ತುಂಬಿಕೊಂಡು ಕ್ಯಾನ್‌ಬೆರಾಕ್ಕೆ ಹೊರಡುತ್ತಾನೆ.

ಶನಿವಾರ ಅವನು ಕಿವಿಯಲ್ಲಿ ಹೇಳಿದ್ದು ಇದು: "ಓಟಿನ ಚೀಟೀಲಿ ನನ್ನ ಹೆಸರೇ ಬಿಟ್ಟಿದಾರೆ ಕಣೇ. ನಾನೇ ಸೇರಿಸಿ ಬಂದೆ. ನೀನು ದೊಡ್ಡದು ಮಾಡ್ಬೇಡ, ಅಚ್ಚು ಹಾಕ್ದೋನ ಕೆಲಸ ಹೋದೀತು."

ಭಾನುವಾರ ಬೆಳಿಗ್ಗೆ ಎಂದಿನಂತೆ ಎರಡೂ ಪಕ್ಷದವರು ಕೂಡಿ ಬೇಲಿಯ ಮೇಲಿನ ಪೋಸ್ಟರು ಬಿಚ್ಚುತ್ತಿದ್ದೆವು. ಪಾಸ್ಕೋ ಹಿಂದಿನ ಸಂಜೆ ಎಣಿಕೆಯ ಮೇಲೆ ಕಣ್ಣಿಡಲು ಕೂತಿದ್ದನಂತೆ. ಕುಲಗೆಟ್ಟ ಓಟುಗಳ ರಾಶಿಯಲ್ಲಿ ಜನ ಏನೇನು ಬರೆದಿದ್ದರೆಂದು ಹೇಳಿ ನಗಿಸುತ್ತಿದ್ದ. ಒಬ್ಬ ತನ್ನ ನಾಯಿಯ ಹೆಸರು ಬರೆದಿದ್ದನಂತೆ, ಇನ್ನೊಬ್ಬ ಬರೀ ಬೈಗುಳ. ಮತ್ತೊಬ್ಬ ಎಲ್ಲರಿಗಿಂತ ಮೇಲೆ ಅಂದವಾಗಿ ಒಂದು ಚೌಕ ಬರೆದು, ಪಕ್ಕದಲ್ಲಿ ಕ್ಲೈವ್ ಎಂದು ಪೂರ್ತಿ ಹೆಸರು ಬರೆದು, ಒಂದು ಹಾಕಿದ್ದನಂತೆ. ಕೆಳಗೆ ಉಳಿದವರಿಗೂ ಎರಡು, ಮೂರು, ನಾಲ್ಕು, ಒಬ್ಬರನ್ನೂ ಬಿಡದೆ.

"ನಿಮ್ಮ ಯಜಮಾನ್ರಿಗೆ ಊರಲ್ಲಿ ಇನ್ನೂ ಒಂದು ಓಟು ಉಳಿದಿದೆ ನೋಡಿ, ನೊರೀನ್," ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅವರಿಗೆ ಗೊತ್ತಾಗಿಬಿಡುತ್ತಿತ್ತು.