ಅರ್ಧ ನಿಮಿಷದಮ್ಮ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಪುಟ್ಟೂ,

ಕಾಲು ಹೇಗಿದೆ? ಪ್ಲಾಸ್ಟರ್ ಒಳಗೆ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತೀಯಂತೆ, ನಿನ್ನ ಹೆಂಡತಿ ಮೆಸೇಜು ಹಾಕಿ ದೂರಿದ್ದಾಳೆ. ಮಾವನ ಮನೆಯ ಉಪಚಾರದಲ್ಲಿ ಒಂದು ಸುತ್ತು ದಪ್ಪಗಾಗಿರಬೇಕು ನೀನು. ಫೋನು ಎತ್ತದ ಅಕ್ಕನಿಗೆ ಕಾಗದವೇ ಸರಿ ಅಂತ ನೀನು ಬರೆದದ್ದು ಬಂದು ಎಷ್ಟೋ ದಿನವಾಯಿತು. ಉತ್ತರಕ್ಕೆ ಕೂತಾಗಲೆಲ್ಲ ಏನೋ ನೆಪ ತೆಗೆದು ಎದ್ದುಬಿಟ್ಟೆ. ಬೈದುಕೋ, ಪರವಾಗಿಲ್ಲ.

ನಮ್ಮ ಅರ್ಧ ನಿಮಿಷದಮ್ಮನ ಕಥೆ ಕೇಳು. ಅಷ್ಟು ದೊಡ್ಡ ಸೂಟ್‌ಕೇಸ್ ಕಂಪನಿ ನಡೆಸುವಾಕೆ ಬ್ಯಾಗು ಹೊಲಿಯುವ ನಮಗೆ ಯಾಕೆ ದಾರಿ ತೋರಿಸುತ್ತಾರೆ ಅಂತ ನೀನು ನಕ್ಕಿದ್ದೆ. ನಿನಗೇನೋ ನಗು. ಇನ್ನೊಂದು ಸಲ ತಡವಾದರೆ ಆರ್ಡರು ಬೇರೆಯವರಿಗೆ ಅಂತ ಶಾಲೆಯವರು ಹೇಳಿಯಾಗಿತ್ತು, ಕಟಿಂಗ್ ಮಾಸ್ಟರು ಬೇರೆ ಕಡೆ ಕೆಲಸ ಹುಡುಕುತ್ತಿದ್ದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡಲೇನೋ?

ಅವರ ಸೆಕ್ರೆಟರಿಗೆ ನನ್ನ ಮುಖ ಕಂಡರೆ ಸಾಕು, "ಮೇಡಂ ಮೀಟಿಂಗಲ್ಲಿದಾರೆ" ಅನ್ನುವುದು ಬಾಯಿಪಾಠ. ನಾನು ಹಿಡಿದ ಪಟ್ಟು ಬಿಡುವವಳೇ? ಲಿಫ್ಟಿನ ಬಾಗಿಲಲ್ಲೇ ಹಿಡಿದೆ.

"ಅರ್ಧ ನಿಮಿಷ ಇದೆ, ಹೇಳಮ್ಮ."

ಹೊಸ ಮಷೀನು ತಗೊಳ್ಳಲಾ ಅಂದೆ. "ಇದಕ್ಕೆ ಉತ್ತರ ನಿನಗೇ ಗೊತ್ತು. ಕೇಳೋಕೆ ಭಯ ಆಗೋ ಪ್ರಶ್ನೆ ಇದ್ರೆ ತಗೊಂಡು ಬಾ" ಅಂತ ಹೊರಟೇಬಿಟ್ಟರು. ಇನ್ನೊಂದು ದಿನ ಮೆಟ್ಟಿಲ ಮೇಲೆ ಸಿಕ್ಕರು. ಜಿಪ್ಪು, ಬಟ್ಟೆ ಅಂತ ಏನೇನೋ ಒದರಿದೆ. "ಇದೂ ಅಲ್ಲಮ್ಮ." ನಿಜವಾದ ಪ್ರಶ್ನೆ ನಾಲಿಗೆ ತುದಿಗೆ ಬಂದು ವಾಪಸ್ ಹೋಗುತ್ತಿತ್ತು.

ಮೊನ್ನೆ ಕಾರಿನ ಹತ್ತಿರ ಕಾದಿದ್ದೆ. "ಕಾರು ಹತ್ತು, ಏರ್‌ಪೋರ್ಟ್‌ವರೆಗೂ ಬಾ" ಅಂದರು. ದಾರಿಯುದ್ದಕ್ಕೂ ಅವರದು ಫೋನೇ ಫೋನು. ಕೊನೆಗೆ ಅದನ್ನು ಮಡಿಲಲ್ಲಿಟ್ಟು ನನ್ನ ಕಡೆ ತಿರುಗಿದರು. ಕೇಳಿಬಿಟ್ಟೆ. ಕೇಳಿ, ಡ್ರೈವರಿದ್ದಾನೆ ಅನ್ನುವುದನ್ನೂ ಮರೆತು ಗೊಳೋ ಅಂತ ಅತ್ತೆ.

ಅವರು ಸಮಾಧಾನ ಹೇಳಲಿಲ್ಲ. "ಇದನ್ನ ಹೇಳಬೇಕಾದವರಿಗೆ ಹೇಳಿದೀಯಾ?" ಅಂದರು. ಇಲ್ಲ ಅಂದೆ. "ಮೊದಲು ಅಲ್ಲಿ ಹೇಳು. ಆಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ನನ್ನ ಒಂದು ಗಂಟೆ ನಿನ್ನದು."

ಒಂದು ಗಂಟೆ ಕಣೋ, ಅರ್ಧ ನಿಮಿಷದಮ್ಮನಿಂದ! ಕುಣಿಯಬೇಕಿತ್ತು ನಾನು. ಮನೆಗೆ ಬಂದರೆ ಊಟ ಸೇರಲಿಲ್ಲ.

ಮಕ್ಕಳಿಗೆ ಅತ್ತೆಯ ಮುತ್ತು. ಬೇಗ ಎದ್ದು ಓಡಾಡು, ನನ್ನ ಆಯಸ್ಸಿನಲ್ಲೂ ಒಂದಿಷ್ಟು ನಿನಗೇ ಸೇರಲಿ.

ನಿನ್ನ
ಅಕ್ಕ

ತಾ.ಕ.: "ನಾನಿಲ್ಲದೆ ಕೆಲಸ ನಿಂತೇ ಹೋಗಿರಬೇಕು, ಅಲ್ವಾ ಅಕ್ಕ?" ಅಂತ ನೀನು ಬರೆದಿದ್ದೆ. ನಿಂತಿಲ್ಲ ಪುಟ್ಟೂ. ನೀನು ಮಲಗಿದ ಮೇಲೆ ಒಂದು ಬ್ಯಾಗೂ ತಡವಾಗಿ ಹೋಗಿಲ್ಲ. ಕೇಳಿದವರಿಗೆಲ್ಲ "ನಾಳೆನೇ ಕೊಡ್ತೀನಿ" ಅನ್ನುವವರು ಯಾರೂ ಇಲ್ಲವಲ್ಲ. ಕಟಿಂಗ್ ಮಾಸ್ಟರು ಈಗ ಹಾಡು ಗುನುಗುತ್ತಾ ಕೆಲಸ ಮಾಡುತ್ತಾರೆ. ಒಂದೇ ಮಷೀನಿನಲ್ಲಿ ನಾವಿಬ್ಬರೂ ಸರದಿಯ ಮೇಲೆ ಹೊಲಿದು ಶುರು ಮಾಡಿದ ಜಾಗ ಅದು. ವಾಪಸ್ ಬರಬೇಡ ಅಂತ ನನ್ನ ತಮ್ಮನಿಗೆ ಹೇಗೆ ಹೇಳಲಿ ಅಂತ ಕಾರಿನಲ್ಲಿ ಕೇಳಿದೆ. ಬೈಯುವುದಿದ್ದರೆ ಫೋನು ಮಾಡು. ಈ ಸಲ ಎತ್ತುತ್ತೇನೆ.