ಯಂತ್ರದ ಆಚೆ ಇರುವವನ ಹೆಸರು

ಶಹಾಪುರ
ಭಾನುವಾರ, 14 ಸೆಪ್ಟೆಂಬರ್ 2025

ಮಗಳೇ ಯಶೋಧರಾ,

ಬೀದರಿನಲ್ಲಿ ನೀನು, ಅಳಿಯಂದಿರು, ಕೂಸು ಮೂವರೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ಮೇ ತಿಂಗಳಲ್ಲಿ ನೀನು ಮುಖ ಗಂಟು ಹಾಕಿಕೊಂಡು ಬಸ್ ಹತ್ತಿದೆ. ಅವತ್ತಿನಿಂದ ನಾನೂ ಬರೆಯಲಿಲ್ಲ, ನೀನೂ ಫೋನು ಮಾಡಲಿಲ್ಲ. ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸುದ್ದಿ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದ ನಿನ್ನ ಅವ್ವ ಈಗ ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ದುಭಾಷಿ! ಹೊಸದಾಗಿ ಸೇರಿದವರಿಗೆ ಯಂತ್ರದ ಕೆಲಸ ಕಲಿಸಲು ಜಪಾನಿನಿಂದ ಮೊರಿತಾ ಎಂಬ ಇಂಜಿನಿಯರ್ ಬಂದಿದ್ದಾರೆ. ಅವರ ಇಂಗ್ಲಿಷನ್ನು ನಮ್ಮವರಿಗೆ, ನಮ್ಮವರ ಮಾತನ್ನು ಅವರಿಗೆ ದಾಟಿಸುವುದು ನನ್ನ ಕೆಲಸ. ಅರವತ್ತು ದಾಟಿದ ಮನುಷ್ಯ, ಮಾತು ಕಮ್ಮಿ. ಒಂದು ದಿನ ಇಲ್ಲಿಗೆ ಬಂದಾಗ ನಮ್ಮ ಬೆಟ್ಟ ತೋರಿಸಿ, ಬುದ್ಧ ಮಲಗಿದಂತೆ ಕಾಣುತ್ತದೆ ನೋಡಿ ಎಂದೆ. ಜೀಪು ನಿಲ್ಲಿಸಿ ಇಳಿದು, ಟೊಪ್ಪಿಗೆ ತೆಗೆದು, ಬಿಸಿಲಲ್ಲಿ ನಿಂತೇಬಿಟ್ಟರು. ಮೊರಂ ಮಣ್ಣು ಹೊತ್ತ ಲಾರಿಗಳು ಧೂಳು ಎಬ್ಬಿಸಿ ಹೋದರೂ ಅಲುಗಲಿಲ್ಲ. ಹುಟ್ಟಿದಾಗಿನಿಂದ ಆ ಬೆಟ್ಟ ನೋಡುತ್ತಿರುವ ನಾನು ಅವತ್ತು ಅವರ ಪಕ್ಕದಲ್ಲಿ ನಿಂತು ಮತ್ತೆ ನೋಡಿದೆ.

ಅವರು ಕಲಿಸುವ ರೀತಿ ಕೇಳು. ತಗಡು ಒತ್ತುವ ದೊಡ್ಡ ಯಂತ್ರದ ಹಿಂದೆ ಒಬ್ಬರು ಕೈ ಒಳಗಿಟ್ಟು ತಗಡು ಸರಿಪಡಿಸುತ್ತಾರೆ. ಮುಂದೆ ಗುಂಡಿ ಒತ್ತುವವರಿಗೆ ಅವರು ಕಾಣುವುದಿಲ್ಲ. ಆದ್ದರಿಂದ ಒತ್ತುವ ಮೊದಲು ಬೆರಳು ಚಾಚಿ, ಹಿಂದಿರುವವರ ಹೆಸರು ಹಿಡಿದು ಕೂಗಬೇಕು. ಅವರು ಕೈ ಹೊರಗೆ ತೆಗೆದು ‘ಅದೀನಿ’ ಎಂದ ಮೇಲೆಯೇ ಗುಂಡಿ. ಮೊರಿತಾ ಅವರು ಜೀಪಿನ ಬಾಗಿಲಿಗೂ, ನಲ್ಲಿಗೂ ಬೆರಳು ಚಾಚಿ ಏನೋ ಹೇಳಿಕೊಳ್ಳುತ್ತಾರೆ. ನಮ್ಮ ಹುಡುಗಿಯರಿಗೆ ನಗು ತಡೆಯುವುದೇ ಕಷ್ಟ.

ಎಲ್ಲರೂ ಕಲಿತರು, ಮಾನಮ್ಮ ಒಬ್ಬಳನ್ನು ಬಿಟ್ಟು. ಆಕೆ ಬೆರಳೇನೋ ಚಾಚುತ್ತಿದ್ದಳು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದಳು. ಕಾರ್ಖಾನೆಯ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು? ಗುರುವಾರ ಮೊರಿತಾ ಅವರು, ‘ಶನಿವಾರದ ಪರೀಕ್ಷೆಯಲ್ಲೂ ಕೂಗದಿದ್ದರೆ ಈಕೆಗೆ ಇಲ್ಲಿ ಕೆಲಸವಿಲ್ಲ. ಜೊತೆಗಾರನ ಜೀವದ ಬಗ್ಗೆ ಈಕೆಗೆ ಕಾಳಜಿ ಇಲ್ಲ’ ಎಂದುಬಿಟ್ಟರು. ಅದನ್ನು ಕನ್ನಡದಲ್ಲಿ ಹೇಳುವಾಗ ನನ್ನ ನಾಲಿಗೆ ತಡವರಿಸಿತು.

ಯಾಕೆಂದರೆ ಯಂತ್ರದ ಹಿಂದೆ ಇದ್ದವನು ಆಕೆಯ ಗಂಡ ಅಂಬ್ರಪ್ಪ. ಇಬ್ಬರೂ ಒಂದೇ ಬೈಕಿನಲ್ಲಿ ಬಂದು ಹೋಗಲಿ ಎಂದು ಮ್ಯಾನೇಜರ್ ಸಂಗಮನಾಥ ಅವರೇ ಕನಿಕರದಿಂದ ಜೋಡಿ ಮಾಡಿದ್ದರು. ಪುಣ್ಯಾತ್ಮನಿಗೆ ಇದು ಹೊಳೆದಿರಲಿಲ್ಲ.

ಮಾನಮ್ಮ ನನ್ನ ಕೈ ಹಿಡಿದುಕೊಂಡಳು. “ಟೀಚರ್ರ, ಈ ಕೆಲಸ ಹೋದ್ರ ಮತ್ತ ದುಡಿಯಾಕ ಊರು ಬಿಡಬೇಕ್ರಿ. ಮಗನ ಸಾಲಿ ನಿಲ್ತದ. ಆದ್ರ ಅವ್ರ ಹೆಸರು ಹ್ಯಾಂಗ ಹಿಡೀಲ್ರಿ? ಹಿಡಿದ್ರ ಗಂಡನ ಆಯುಷ್ಯ ಕಡಿಮಿ ಆಗ್ತದಂತ ನಮ್ಮತ್ತಿ ಹೇಳ್ಯಾಳ. ಅದೂ ಕೈ ಯಂತ್ರದಾಗ ಇಟ್ಟು ನಿಂತಾಗ?”

ಸಂಗಮನಾಥ ನನ್ನ ಕಿವಿಯ ಹತ್ತಿರ ಬಂದರು. “ಮೇಡಂ, ಗಂಟಲ ನೋವದ ಅಂತ ಏನರ ಹೇಳಿಬಿಡ್ರಿ. ಇದನ್ನೆಲ್ಲಾ ಹೇಳಿದ್ರ ನಾವು ಹಳ್ಳಿ ಗುಗ್ಗುಗಳು ಅಂತ ತಿಳ್ಕೊಂತಾರ.”

ಹೇಳಿಬಿಡಬಹುದಿತ್ತು. ಆದರೆ ಆ ಹೊತ್ತಿಗೆ ನನಗೆ ಒಂದು ಹೊಳೆಯಿತು ಯಶೂ. ಮೊರಿತಾ ಅವರಿಗೆ ಹೇಳಿದೆ: “ನೀವು ಯಾವ ಕಾರಣಕ್ಕೆ ಹೆಸರು ಕೂಗು ಎನ್ನುತ್ತೀರೋ, ಅದೇ ಕಾರಣಕ್ಕೆ ಈಕೆ ಕೂಗುತ್ತಿಲ್ಲ. ಅವನು ಬದುಕಿರಲಿ ಅಂತ.”

ಸಂಗಮನಾಥ ಕೆಮ್ಮಿದರು, ಚಹಾ ತರಿಸಲೇ ಎಂದರು. ನಾನು ಸುಮ್ಮನಿರಿ ಎಂದು ಕೈ ಮಾಡಿದೆ. ಕೊನೆಗೆ ಮೊರಿತಾ ಟೊಪ್ಪಿಗೆ ತೆಗೆದು, ಮಾನಮ್ಮನ ಎದುರು ಸೊಂಟದವರೆಗೆ ಬಾಗಿದರು. ಬೆಟ್ಟದ ಎದುರು ನಿಂತಾಗಲೂ ಅಷ್ಟು ಬಾಗಿರಲಿಲ್ಲ. ಮಾನಮ್ಮ ಗಾಬರಿಯಾಗಿ, “ಅಯ್ಯ, ಏಳಂತ ಹೇಳ್ರಿ ಟೀಚರ್ರ, ಹಿರೇರು!” ಎಂದಳು.

ಆಮೇಲೆ ಅವರು ಮೆಲ್ಲಗೆ ಹೇಳಿದರು: “ನಮ್ಮಲ್ಲಿ ತೀರಿಹೋದವರಿಗೆ ಭಿಕ್ಷುಗಳು ಹೊಸ ಹೆಸರು ಕೊಡುತ್ತಾರೆ. ಹಳೆಯ ಹೆಸರಿನಿಂದ ಕರೆದರೆ ಅವರು ತಿರುಗಿ ನೋಡುತ್ತಾರೆ, ಮುಂದಕ್ಕೆ ಹೋಗುವುದಿಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದಳು. ನನ್ನ ಹೆಂಡತಿಯ ಹೆಸರು ನನ್ನ ಬಾಯಲ್ಲೇ ಇದೆ. ಈವರೆಗೆ ಹೊರಗೆ ಬಿಟ್ಟಿಲ್ಲ.” ಇದನ್ನು ಕನ್ನಡಕ್ಕೆ ತರಲು ನಾನು ಎರಡು ಸಲ ಶುರು ಮಾಡಬೇಕಾಯಿತು. ಎಲ್ಲಿಯ ಜಪಾನು, ಎಲ್ಲಿಯ ಕಡೇಚೂರು!

ಆಮೇಲೆ ಕೇಳಿದರು, ಮನೆಯಲ್ಲಿ ಆಕೆ ಅವನನ್ನು ಏನೆಂದು ಕರೆಯುತ್ತಾಳೆ? ಮಾನಮ್ಮ ನಾಚಿಕೊಂಡು, “ಪ್ರವೀಣನಪ್ಪ ಅಂತೀನ್ರಿ, ಮಗನ ಹೆಸರ ಮ್ಯಾಲೆ” ಎಂದಳು. “ಹಾಗಾದರೆ ಅದನ್ನೇ ಕೂಗಲಿ. ಯಂತ್ರಕ್ಕೆ ಹೆಸರು ಬೇಕಿಲ್ಲ, ಉತ್ತರ ಬೇಕು” ಎಂದರು. ಇಷ್ಟು ಸರಳವಾದದ್ದು ಇಷ್ಟೆಲ್ಲ ಓದಿದ ನನಗೆ ಹೊಳೆದಿರಲಿಲ್ಲ ನೋಡು.

ನಿನ್ನೆ ಪರೀಕ್ಷೆ. ಮಾನಮ್ಮ ಬೆರಳು ಚಾಚಿ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ಹಾಗೆ ಕೂಗಿದಳು: “ಪ್ರವೀಣನಪ್ಪಾ, ಅದೀರೇನ್ರೀ?” ಆಚೆಯಿಂದ ಅಂಬ್ರಪ್ಪ, “ಅದೀನೀ!” ಎಂದ. ಈ ಸಲ ಯಾರೂ ನಗಲಿಲ್ಲ. ಯಂತ್ರ ಧಡ್ ಎಂದು ತಗಡು ಒತ್ತಿತು. ಮೊರಿತಾ ಅವರು ಕಣ್ಣು ಮುಚ್ಚಿ ನಿಂತಿದ್ದರು. ಕೆಲಸ ಉಳಿಯಿತು.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಡ್ಯೂಟಿ ಡ್ಯೂಟಿ ಎಂದು ಊಟ ಬಿಡಬೇಡ. ನಿಮ್ಮೆಲ್ಲರ ಬದುಕು ತಂಪಾಗಿರಲಿ.

ನಿನ್ನ ಅವ್ವ,
ಪರಿಮಳಾ

ತಾ.ಕ.: ಬಸ್ ಹತ್ತುವಾಗ ನೀನು ಅಂದದ್ದು ಇನ್ನೂ ಚುಚ್ಚುತ್ತಿದೆ. “ನನ್ನ ಮಗನ್ನ ಒಂದ ಸಲನೂ ಹೆಸರ ಹಿಡದು ಕರದಿಲ್ಲ ನೀ. ಅಪ್ಪನ ಹೆಸರಿಟ್ಟದ್ದು ನಿನಗ ಬ್ಯಾಡಾಗಿತ್ತೇನವ್ವ?” ಬೇಡವಾಗಿರಲಿಲ್ಲ ತಾಯಿ. ನಿನ್ನ ಅಪ್ಪ ಇದ್ದಾಗ ನಾನು ಆ ಹೆಸರು ಹಿಡಿದವಳಲ್ಲ. ಪಾಠ ಹೇಳುವ ಬಾಯಿ ಮನೆಗೆ ಬಂದರೆ ‘ಯಶೂನ ಅಪ್ಪ’ ಎನ್ನುತ್ತಿತ್ತು. ಅವರು ಹೋದ ಮೇಲೆ ಕರೆಯಲು ಭಯ. ಕರೆದರೆ ಆಚೆಯಿಂದ ಯಾರೂ ಓಗೊಡುವುದಿಲ್ಲವಲ್ಲ.

ಬರುವ ಭಾನುವಾರ ಬೀದರಿಗೆ ಬರುತ್ತೇನೆ. ಕೂಸನ್ನು ಬಾಗಿಲ ಹಿಂದೆ ನಿಲ್ಲಿಸು. ನಾನು ಹೊಸ್ತಿಲ ಈಚೆ ನಿಂತು, ಬೆರಳು ಚಾಚಿ ಕೂಗುತ್ತೇನೆ: ದೇವಿಂದ್ರಾ. ಅವನಿಗೆ ಅಷ್ಟರೊಳಗೆ ಒಂದೇ ಒಂದು ಮಾತು ಕಲಿಸಿಡು. ‘ಅದೀನಿ.’