ಮೇಲಿನ ರ್ಯಾಕು ಖಾಲಿ

ರಾಯದುರ್ಗ,
ಭಾನುವಾರ, ೧೨-೧-೨೦೨೫

ಚಿ. ಸೌ. ಗುರುಶಾಂತಳಿಗೆ, ಮರುಳಪ್ಪ ಮಾಡುವ ಆಶೀರ್ವಾದಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ನಿಮ್ಮ ತಾಯಿಯವರ ಮೊಣಕಾಲು ನೋವು ಹೇಗಿದೆ? ನಿಮ್ಮಣ್ಣನ ಕುರಿಗಳಿಗೆ ಬಂದಿದ್ದ ಕಾಲುಬೇನೆ ವಾಸಿಯಾಯಿತೆ? ಅಮರಾಪುರದ ಕಡೆ ಈ ಸಲ ಚಳಿ ಜಾಸ್ತಿ ಎಂದು ಕೇಳಿದೆ, ನಿನ್ನ ಕಂದು ಶಾಲು ಇಲ್ಲೇ ಉಳಿದಿದೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಐದು ತಿಂಗಳಿನಿಂದ ಮಾಡುತ್ತಲೇ ಇದ್ದೇನೆ. ಪ್ರತಿ ಸಲವೂ ನಿಮ್ಮಣ್ಣನ ಮಗಳು ಸುಮಾ ಎತ್ತಿ "ಅತ್ತೆ ಹೊಲ್ತಾವ ಹೋಗವ್ರೆ ಮಾವ" ಎನ್ನುತ್ತಾಳೆ. ಬೆಳಗ್ಗೆ ಆರಕ್ಕೆ ಮಾಡಿದರೂ ಹೊಲ, ರಾತ್ರಿ ಎಂಟಕ್ಕೆ ಮಾಡಿದರೂ ಹೊಲ. ಶೇಂಗಾ ಕಿತ್ತು ಮುಗಿದ ಹೊಲದಲ್ಲಿ ರಾತ್ರಿ ಎಂಟಕ್ಕೆ ಏನು ಕೆಲಸವೋ ಆ ಶಿವನಿಗೇ ಗೊತ್ತು. ಇರಲಿ. ನಮ್ಮಕ್ಕ ಪಾಪಕ್ಕನ ಮಗ ರವಿಶಂಕರ ಇವತ್ತು ಶೇಂಗಾ ವ್ಯಾಪಾರಕ್ಕೆ ನಿಮ್ಮೂರ ಮೇಲೆ ಮಡಕಶಿರಕ್ಕೆ ಹೊರಟಿದ್ದಾನೆ. ಅವನು ಬರುವುದರೊಳಗೆ ಬರೆದು ಮುಗಿಸಿ ಅವನ ಕೈಯಲ್ಲೇ ಕಳಿಸುತ್ತೇನೆ.

ಬರೆಯಲು ಕಾರಣ ನಮ್ಮ ಟ್ರೇಲರಿನ ಅಡುಗೆಮನೆ. ಎಂಟಡಿ ಉದ್ದ ಆರಡಿ ಅಗಲದ ಆ ತಗಡಿನ ಡಬ್ಬಿಯೊಳಗೆ ಒಂಬತ್ತು ವರ್ಷ ಅಡುಗೆ ಮಾಡಿದವಳು ನೀನು. ಅದನ್ನು ಪಿಕಪ್ ಗಾಡಿಗೆ ಕಟ್ಟಿಕೊಂಡು ಸಂತೆಯಿಂದ ಸಂತೆಗೆ, ಗಾಳಿಯಂತ್ರ ನಿಲ್ಲಿಸುವ ಗುಡ್ಡಗಳಿಗೆ ಮಿರ್ಚಿ ಮಂಡಕ್ಕಿ ಮಾರಲು ಎಳೆದವನು ನಾನು. ನೀನು ಹೋದ ಮೇಲೆ ಅಲ್ಲಿ ಒಂದು ಸಾಮಾನೂ ನನ್ನ ಕೈಗೆ ಸಿಗಲಿಲ್ಲ. ಉಪ್ಪಿನ ಡಬ್ಬಿ ಮೊಣಕಾಲಿನ ಹತ್ತಿರ. ಬೇಳೆಗಳು ಡಬ್ಬಿಯಲ್ಲಿ ಇರುವುದು ಬಿಟ್ಟು ಬಟ್ಟೆಯ ಚೀಲಗಳಲ್ಲಿ, ಸೊಂಟದೆತ್ತರದ ಒಂದು ಸರಳಿಗೆ ನೇತುಬಿದ್ದಿವೆ. ಸೌಟು ಒಲೆಯ ಎಡಕ್ಕೆ. ಒಂದು ಡಬ್ಬಿ ಎಣ್ಣೆಯನ್ನು ಹತ್ತು ಬಾಟಲಿಗೆ ಬಗ್ಗಿಸಿಟ್ಟಿದ್ದೀಯ, ಯಾರ ಮನೆಯಲ್ಲಿ ಹಾಗೆ ಇಡುತ್ತಾರೆ? ಮಂಡಕ್ಕಿ ಚೀಲ ಮನುಷ್ಯರು ಕೂರುವ ಜಾಗದಲ್ಲಿ ಆರಾಮಾಗಿ ಕೂತಿದೆ. ಇಷ್ಟೆಲ್ಲ ನೆಲದಲ್ಲಿ ಹರಡಿಕೊಂಡು ಮೇಲಿನ ರ್ಯಾಕನ್ನು ಮಾತ್ರ ಖಾಲಿ ಬಿಟ್ಟಿದ್ದೀಯ. ವೆಲ್ಡಿಂಗ್ ಕದರಪ್ಪನ ತಲೆಯ ಮೇಲೆ ನಿಂತು ಎರಡು ದಿನ ಮಾಡಿಸಿದ ರ್ಯಾಕು ಅದು. ಹನ್ನೆರಡು ಡಬ್ಬಿ ಹಿಡಿಯುತ್ತದೆ. ಅದರ ಮೇಲೆ ಇದ್ದದ್ದು ಬರೀ ಧೂಳು.

ಆ ರ್ಯಾಕಿಗಾಗಿ ನಾವು ಎಷ್ಟು ಸಲ ಜಗಳವಾಡಿದ್ದೇವೆ! ಒಮ್ಮೆ ಗುಡ್ಡದ ಮೇಲೆ ಊಟಕ್ಕೆ ಬಂದವರೆಲ್ಲ ಕೇಳುವ ಹಾಗೆ "ದೇವ್ರು ಎರಡು ಕೈ ಕೊಟ್ಟಾನ, ಮ್ಯಾಲ ಎತ್ತಿಡಾಕ ಏನ್ ಧಾಡಿ?" ಎಂದಿದ್ದೆ. ನೀನು ಒಲೆಯ ಕಡೆ ಮುಖ ಮಾಡಿಕೊಂಡೇ "ಕೆಳಗಿದ್ರೆ ನಂಗೆ ಸಲೀಸು ಕಣ್ರೀ" ಎಂದೆ. ಯಾವಾಗ ಕೇಳಿದರೂ ಅದೊಂದೇ ಉತ್ತರ. ನಿನಗೆ ಹಟ ಎಂದುಕೊಂಡೆ.

ನೀನು ಮನೆ ಬಿಟ್ಟದ್ದು ರ್ಯಾಕಿನ ಜಗಳಕ್ಕಲ್ಲ, ಅದು ನನಗೂ ಗೊತ್ತು. ಶ್ರಾವಣದಲ್ಲಿ ರವಿಶಂಕರನ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನದ ಮಾತಿಗೆ. ನಮ್ಮ ಗಾಡಿಗೆ ಒಂದು ನಿಯಮ ಇತ್ತಲ್ಲ, ನೀನು ಟ್ರೇಲರಿನ ಒಳಗಿದ್ದರೆ ಹೊರಡುವ ಮುಂಚೆ ನಾನು ನಟ್ಟು ಬಿಚ್ಚುವ ಪಾನಾದಿಂದ ತಗಡಿಗೆ ಎರಡು ಸಲ ತಟ್ಟಬೇಕು, ನೀನು ಒಲೆ ಆರಿಸಿ ನೆಲಕ್ಕೆ ಕೂರಬೇಕು. ಮೂರು ವರ್ಷದ ಹಿಂದೆ ಗುಡ್ಡದ ಮೇಲೆ ಹುಣಸೆಮರದ ನೆರಳಿಗೆ ಗಾಡಿ ಸರಿಸಿದಾಗ ನೀನು ಕೂತಿರಲಿಲ್ಲ. ನಿಂತುಕೊಂಡು ಎಣ್ಣೆ ಡಬ್ಬಿಯನ್ನು ಮೇಲಿನ ರ್ಯಾಕಿಗೆ ಏರಿಸುತ್ತಿದ್ದೆ. ಬಿದ್ದೆ, ಬಲ ಭುಜ ಕಬ್ಬಿಣದ ಕಟ್ಟೆಯ ಅಂಚಿಗೆ ಬಡಿಯಿತು. ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: "ನಾ ಎರಡು ಸಲ ತಟ್ಟೀನ್ರಿ, ಆಕಿಗೆ ಕೇಳ್ಸಿಲ್ಲ." ಆ ಮಾತು ಮನೆಯಲ್ಲಿ ತಮಾಷೆಯಾಯಿತು. ಪಾಪಕ್ಕ ನಿನ್ನಿಂದ ನೀರು ಕೇಳುವ ಮೊದಲು ಬಾಗಿಲಿಗೆ ಎರಡು ಸಲ ತಟ್ಟುವುದು, ಮಕ್ಕಳು ತಟ್ಟೆ ತಟ್ಟುವುದು. ಮೊದಮೊದಲು "ನಂಗೆ ಏನೂ ಕೇಳ್ಸಲೇ ಇಲ್ಲ" ಎಂದು ವಾದ ಮಾಡುತ್ತಿದ್ದ ನೀನು ಬರಬರುತ್ತ ಸುಮ್ಮನಾದೆ. ಯಾರಾದರೂ ಮಾತಾಡಿದರೆ ಅವರ ಕಡೆಗೆ ತಲೆ ವಾಲಿಸಿ ಕೇಳಲು ಶುರು ಮಾಡಿದೆ. ತೊಟ್ಟಿಲಿನ ದಿನ ಪಂಕ್ತಿಯಲ್ಲಿ ನೀನು ಹೋಳಿಗೆ ಬಡಿಸುತ್ತ ಬರುವಾಗ ರವಿಶಂಕರ ಲೋಟದಿಂದ ತಟ್ಟೆಗೆ ಎರಡು ಸಲ ತಟ್ಟಿ "ಅತ್ತೀ, ಕೇಳ್ತೈತೇನ್ರಿ?" ಎಂದ. ಇಡೀ ಪಂಕ್ತಿ ನಕ್ಕಿತು. ನೀನು ನನ್ನ ಕಡೆ ನೋಡಿದೆ. ನಾನೂ ನಕ್ಕೆ. ಮಾರನೆಯ ದಿನ ಮೊದಲ ಬಸ್ಸಿಗೆ ನೀನು ಒಂದು ಚೀಲ ಹಿಡಿದು ಹೋದೆ. ತಮಾಷೆಗೆಲ್ಲ ಮನೆ ಬಿಡುವವರುಂಟೆ ಎಂದು ಆಮೇಲೆ ಒಂದು ತಿಂಗಳು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದೆ.

ಹೋದರೆ ಹೋಗಲಿ, ಅಡುಗೆಮನೆಯನ್ನು ಸರಿಯಾಗಿ ಜೋಡಿಸಿ ತೋರಿಸುತ್ತೇನೆ ಎಂದು ಹೊರಟೆ. ಹೊಸ ಡಬ್ಬಿ ತಂದೆ, ಬೇಳೆ, ಬೆಲ್ಲ, ಖಾರದ ಪುಡಿ ಎಲ್ಲ ಮೇಲಿನ ರ್ಯಾಕಿಗೆ ಏರಿತು. ನೋಡಲು ಕಿರಾಣಿ ಅಂಗಡಿಯ ಹಾಗೆ ಲಕ್ಷಣವಾಗಿತ್ತು. ಓಬಳಾಪುರದ ದಾರಿಯ ಮೊದಲ ಗುಂಡಿಗೇ ಹನ್ನೆರಡರಲ್ಲಿ ಒಂಬತ್ತು ಡಬ್ಬಿ ಕೆಳಗೆ ಬಂದವು. ಖಾರದ ಪುಡಿಯ ಮುಚ್ಚಳ ಹಾರಿತ್ತು. ಅವತ್ತು ತಿನ್ನಲು ಬಂದ ಲಾರಿಯವರು ಬಾಗಿಲಲ್ಲೇ ಸೀನಿ ವಾಪಸ್ಸು ಹೋದರು. ನೀನಿದ್ದಿದ್ದರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ.

ದಸರಾ ಆದ ಮೇಲೆ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿದ್ದ ದುರುಗಕ್ಕನನ್ನು ಅಡುಗೆಗೆ ಕರೆದುಕೊಂಡೆ. ಅರವತ್ತು ದಾಟಿದ ಹೆಂಗಸು. ಎರಡು ತಿಂಗಳು ನನ್ನ ಜೋಡಣೆಯಲ್ಲಿ ಒದ್ದಾಡಿದಳು, ಸ್ಟೂಲು ಹತ್ತಿ ಇಳಿದು ಸಾಕಾಗಿ ಹೋದ ವಾರ ಸೌಟು ಕೆಳಗಿಟ್ಟು "ನಿಮ್ಮ ಮನಿಯಾಕಿ ಹೆಂಗ ಇಟ್ಟಿದ್ಲೋ ಹಂಗ ಇಡ್ರಿ, ಇಲ್ಲಾಂದ್ರ ನಾ ಬರಂಗಿಲ್ಲ" ಎಂದಳು. ನೀನು ಹೇಗೆ ಇಟ್ಟಿದ್ದೆ ಎಂದು ನನಗೇನು ನೆನಪಿತ್ತು? ತಗಡಿನ ಮೇಲೆ ಉಳಿದ ಕಲೆಗಳನ್ನು ನೋಡಿ ಇಟ್ಟೆ. ಉಪ್ಪಿನ ಡಬ್ಬಿ ಇದ್ದಲ್ಲಿ ತುಕ್ಕಿನ ಉಂಗುರ, ಎಣ್ಣೆ ಬಾಟಲಿಗಳಿದ್ದಲ್ಲಿ ಸಾಲಾಗಿ ಜಿಡ್ಡಿನ ಬಿಲ್ಲೆಗಳು, ಸೌಟಿನ ಮೊಳೆಯ ಕೆಳಗೆ ಅರಿಸಿನದ ಗೆರೆ. ಸಾಸಿವೆ ಡಬ್ಬಿ ಇಡಲು ಹೋದಾಗ ಅದರ ಹಿಂದಿನ ಸಂದಿಯಲ್ಲಿ ಒಂದು ಸಣ್ಣ ಬಾಟಲಿ ಸಿಕ್ಕಿತು. ಕಿವಿಗೆ ಬಿಡುವ ಔಷಧ. ತಳದಲ್ಲಿ ನಾಲ್ಕೈದು ಹನಿ ಉಳಿದಿತ್ತು. ಅದನ್ನು ನೋಡಿ ಎಲ್ಲಿತ್ತೋ ಅಲ್ಲೇ ಇಟ್ಟೆ.

ದುರುಗಕ್ಕ ಆ ಜೋಡಣೆಯಲ್ಲಿ ಒಂದು ದಿನ ಕೆಲಸ ಮಾಡಿದಳು. ಸಂಜೆ ಪಾತ್ರೆ ತೊಳೆದಿಟ್ಟು "ಒಂದ್ ಮಾತು ಕೇಳ್ತೀನಿ, ಬ್ಯಾಸ್ರ ಮಾಡ್ಕೋಬ್ಯಾಡ್ರಿ. ನಿಮ್ಮ ಮನಿಯಾಕಿಗೆ ಬಲಗೈ ಮ್ಯಾಲಕ್ಕ ಏಳ್ತಿದ್ದಿಲ್ಲೇನ್ರಿ?" ಎಂದಳು. ನನಗೆ ರೇಗಿಹೋಯಿತು. ದಿನಕ್ಕೆ ಇನ್ನೂರು ಜನಕ್ಕೆ ಮಿರ್ಚಿ ಕರಿದವಳು, ಅವಳ ಕೈಗೇನಾಗಿತ್ತು ಎಂದು ಕೂಗಾಡಿದೆ. ಆಕೆ ಸೆರಗು ಕೊಡವಿಕೊಂಡು ಮನೆಗೆ ಹೋದಳು.

ಮಾರನೆಯ ಬೆಳಗ್ಗೆ ದುರುಗಕ್ಕ ಬರುವ ಮೊದಲು ಟ್ರೇಲರಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಟವೆಲಿನಿಂದ ಬಲ ತೋಳನ್ನು ಪಕ್ಕೆಗೆ ಬಿಗಿದು ಕಟ್ಟಿಕೊಂಡೆ, ಮೊಣಕೈಯಿಂದ ಕೆಳಗೆ ಮಾತ್ರ ಆಡುವ ಹಾಗೆ. ಹಾಗೇ ಒಂದು ಬಾಣಲೆ ಮಂಡಕ್ಕಿ ಒಗ್ಗರಣೆ ಮಾಡಿದೆ. ಶಾಂತಾ, ಏನೆಂದು ಬರೆಯಲಿ? ಒಂದೊಂದೂ ತಾನಾಗಿಯೇ ಕೈಗೆ ಬಂತು. ತುಂಬಿದ ಡಬ್ಬಿಯನ್ನು ಬಗ್ಗಿಸಲು ಭುಜ ಬೇಕು, ಬಾಟಲಿಗೆ ಮಣಿಕಟ್ಟು ಸಾಕು. ಡಬ್ಬಿಯ ಮುಚ್ಚಳ ತೆಗೆಯಲು ಎರಡು ಕೈಯ ಬಲ ಬೇಕು, ನೇತಾಡುವ ಚೀಲದ ಬಾಯಿ ಎಡಗೈಗೇ ಬಿಚ್ಚಿಕೊಳ್ಳುತ್ತದೆ. ಮಂಡಕ್ಕಿ ಚೀಲ ನೆಲದಲ್ಲಿದ್ದರೆ ಕಾಲಿನಿಂದ ಸರಿಸಿಕೊಂಡು ಬಗ್ಗಿ ತುಂಬಿಕೊಳ್ಳಬಹುದು. ನೀರಿನ ಡ್ರಮ್ಮಿಗೆ ಕೆಳಗೊಂದು ನಲ್ಲಿ ಹಾಕಿಸಿಕೊಡಿ ಎಂದು ನೀನು ಕೇಳಿದಾಗ, ಕೊಡ ಎತ್ತಲೂ ಬೇಸರವೇ ಎಂದು ನಕ್ಕಿದ್ದೆ. ಅದರ ಅರ್ಥವೂ ಅವತ್ತು ಆಯಿತು. ಒಗ್ಗರಣೆ ಮುಗಿಯುವವರೆಗೆ ಒಂದು ಸಲವೂ ಕೈ ಎತ್ತಬೇಕಾಗಲಿಲ್ಲ. ಮಾಡಿದ್ದನ್ನು ತಿನ್ನಲಾಗಲಿಲ್ಲ, ತಟ್ಟೆಯನ್ನು ಮುಂದಿಟ್ಟುಕೊಂಡು ಆ ಖಾಲಿ ರ್ಯಾಕನ್ನು ನೋಡುತ್ತ ಕೂತೆ.

ಮೊದಲು ನಿನ್ನ ಮೇಲೆಯೇ ಸಿಟ್ಟು ಬಂತು. ಬಾಯಿ ಬಿಟ್ಟು ಹೇಳಬಾರದಿತ್ತೆ? ಆಮೇಲೆ ನೆನಪಾಯಿತು, ಹೇಳಿದ್ದೆ. ಆ ವರ್ಷದ ಯುಗಾದಿಗೆ "ಇನ್ನೂ ನೋಯ್ತದೆ ಕಣ್ರೀ" ಎಂದಿದ್ದೆ. ನಾಟಿ ವೈದ್ಯರ ಹತ್ತಿರ ಕಟ್ಟಿಸಿದ ಕಟ್ಟು ಬಿಚ್ಚಿ ಎಷ್ಟೋ ದಿನವಾಯಿತು, ಇನ್ನೆಲ್ಲಿಯ ನೋವು ಎಂದು ನಾನೇ ಬಾಯಿ ಮುಚ್ಚಿಸಿದ್ದೆ. ನೀನು ಎದುರುಮನೆ ಉಷಾರಾಣಿಯ ಹತ್ತಿರ ದಿನಾ ತಲೆ ಬಾಚಿಸಿಕೊಳ್ಳಲು ಹೋಗುತ್ತಿದ್ದೆಯಲ್ಲ, ಹರಟೆಗೆ ನೆಪ ಎಂದು ಬೈಯುತ್ತಿದ್ದೆ. ನಿನ್ನ ಕೈ ನಿನ್ನ ತಲೆಗೇ ಏಳುತ್ತಿರಲಿಲ್ಲ. ಮೂರು ವರ್ಷ ನಿನ್ನಿಂದ ಮೂರಡಿ ದೂರದಲ್ಲಿ ನಿಂತು ಟೀ ಸೋಸಿದ್ದೇನೆ, ನನಗೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನೀನು ಬಿದ್ದ ದಿನವೂ ನಾನು ಒಳಗೆ ಓಡಿ ಬಂದು ಮೊದಲು ಎತ್ತಿದ್ದು ಎಣ್ಣೆ ಡಬ್ಬಿಯನ್ನು. ಅದು ನಿನಗೂ ಮರೆತಿರಲಾರದು. ಇಷ್ಟಾದರೂ ಈ ಕಾಗದದ ಮೊದಲಲ್ಲಿ ಕುರಿಗಳ ಕಾಲು ಕೇಳಿದೆ, ನಿನ್ನ ಕೈ ಹೇಗಿದೆ ಎಂದು ಕೇಳಲಿಲ್ಲ. ಹೇಗಿದೆ?

ನಿನ್ನೆ ಕದರಪ್ಪನನ್ನು ಕರೆಸಿ ಮೇಲಿನ ರ್ಯಾಕನ್ನು ಕತ್ತರಿಸಿ ತೆಗೆಸಿದೆ. "ಗಟ್ಟಿ ಮಾಲು, ಯಾಕ ಕೀಳಿಸ್ತೀರಿ?" ಎಂದ. ಬೇಡವಾಗಿತ್ತು ಎಂದೆ. ದುರುಗಕ್ಕ ಸಂಕ್ರಾಂತಿಗೆ ಮಗಳ ಮನೆಗೆ ಹೋಗುತ್ತಾಳಂತೆ, ಮತ್ತೆ ಬರುವುದು ಅನುಮಾನ. ಹಬ್ಬ ಮುಗಿಸಿಕೊಂಡು ನೀನು ಬಂದರೆ ಬಳ್ಳಾರಿಯಲ್ಲಿ ಮೂಳೆ ಡಾಕ್ಟರಿಗೆ ಕೈ ತೋರಿಸೋಣ. ಅಡುಗೆಗೆ ಬಾ ಎಂದು ಕರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಹಾಗೆಂದುಕೊಂಡರೂ ತಪ್ಪು ನಿನ್ನದಲ್ಲ. ನಿಮ್ಮ ತಾಯಿಯವರಿಗೆ, ಅಣ್ಣ ಅತ್ತಿಗೆಯರಿಗೆ ನನ್ನ ಶರಣು ತಿಳಿಸು, ಸುಮಾಳಿಗೆ ಆಶೀರ್ವಾದ. ನಿನಗೂ ಮೇಲೆ ರೂಢಿಯಂತೆ ಆಶೀರ್ವಾದ ಬರೆದುಬಿಟ್ಟಿದ್ದೇನೆ, ಕೆಳಗೂ ಅದನ್ನೇ ಬರೆಯಲು ಕೈ ಬರುತ್ತಿಲ್ಲ.

ಇಂತಿ ನಿನ್ನ ಗಂಡ,
ಮರುಳಪ್ಪ

ತಾ.ಕ.: ರವಿಶಂಕರ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮಡಚಿದ ಕಾಗದವನ್ನು ಬಿಚ್ಚಿ ಬರೆಯುತ್ತಿದ್ದೇನೆ. ಅವತ್ತು ನಾನು ತಟ್ಟಿರಲಿಲ್ಲ. ಎರಡು ಸಲ ಅಲ್ಲ, ಒಂದು ಸಲವೂ ಇಲ್ಲ. ಇನ್ನೊಂದು ತಿಂಡಿ ಗಾಡಿ ಗುಡ್ಡ ಹತ್ತಿ ಬರುತ್ತಿತ್ತು, ಹುಣಸೆಮರದ ನೆರಳು ಅವರ ಪಾಲಾಗುತ್ತದೆ ಎಂದು ಗಾಡಿ ಬಿಟ್ಟೆ. ಪಾನಾ ಸೀಟಿನ ಕೆಳಗಿತ್ತು, ಬಗ್ಗಿ ತೆಗೆಯಲಿಲ್ಲ. ನೀನು ಬಿದ್ದ ಮೇಲೆ ಹೆದರಿಕೆಗೆ ಬಾಯಿಗೆ ಬಂದ ಸುಳ್ಳು ಅದು, ಹೇಳಿ ಹೇಳಿ ನಿಜ ಮಾಡಿಕೊಂಡೆ. ನೀನು ಬಳ್ಳಾರಿಗೆ ಹೋಗಿ ಕಿವಿ ತೋರಿಸಿಕೊಂಡು ಬಂದು "ಡಾಕ್ಟ್ರು ಕಿವಿ ಸರಿಯಾಗವೆ ಅಂತಾರೆ, ಮತ್ತೆ ಅವತ್ತು ಯಾಕೆ ಕೇಳ್ಸಲಿಲ್ಲ?" ಎಂದು ನನ್ನನ್ನೇ ಕೇಳಿದಾಗಲೂ ಬಾಯಿ ಬಿಡಲಿಲ್ಲ. ಆಮೇಲೂ ನೀನೇ ತಂದು ಬಿಟ್ಟುಕೊಳ್ಳುತ್ತಿದ್ದ ಆ ಔಷಧ ಇನ್ನು ಹಾಕಬೇಡ, ನಿನ್ನ ಕಿವಿಗೆ ಏನೂ ಆಗಿಲ್ಲ. ಪಾಪಕ್ಕನ ಎದುರು ನಿಂತು ಇದನ್ನು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ, ಅದಕ್ಕೇ ಲಕೋಟೆಗೆ ಅಂಟು ಹಾಕದೆ ಅವಳ ಮಗನ ಕೈಯಲ್ಲೇ ಕೊಡುತ್ತಿದ್ದೇನೆ. ಅವನನ್ನು ನಿಮ್ಮ ಪಡಸಾಲೆಯಲ್ಲಿ ಕೂರಿಸಿ ಎಲ್ಲರ ಎದುರು ಗಟ್ಟಿಯಾಗಿ ಓದಿಸು. ಅವನು ಓದುವಾಗ ನೀನು ತಲೆ ವಾಲಿಸಬೇಡ, ನೆಟ್ಟಗೆ ಕೂತು ಕೇಳು.